ಅತ್ತೆ ನಿದ್ದೆ ಹೋದರೆ ಮಾತ್ರ ಪಾಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಗೆ ಹಾಲಿನ ವ್ಯಾನು ಬರುವುದಕ್ಕೆ ಸ್ವಲ್ಪ ಹೊತ್ತಿದೆ. ಆ ಬಿಡುವಿನಲ್ಲೇ ಡಬ್ಬಿ ಅಕ್ಕನ ದಿನದ ಮುಖ್ಯ ಕೆಲಸ ಮುಗಿಯಬೇಕು. ಅಂಗಡಿಯ ಗೋಡೆ ಗಡಿಯಾರವನ್ನು ಇಳಿಸಿ ಅಡುಗೆಮನೆಗೆ ಸಾಗಿಸಿದ್ದಾಯಿತು. ಫ್ರಿಜ್ಜಿನ ಪ್ಲಗ್ಗು ಕಿತ್ತದ್ದಾಯಿತು. ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುವ ಗಂಡನನ್ನು ಮಗ್ಗುಲಿಗೆ ಹೊರಳಿಸಿ ಬಾಗಿಲು ಎಳೆದದ್ದೂ ಆಯಿತು. "ಅವರ ಸದ್ದಿಗೆ ನನ್ನ ಹತ್ರ ರಿಪೇರಿ ಇಲ್ಲ, ವಾರಂಟಿ ಯಾವಾಗಲೋ ಮುಗಿದಿದೆ," ಎಂದು ಅಕ್ಕ ಪಿಸುಗುಡುತ್ತಾರೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಮೂರು ಗೋಡೆಗೂ ಕಬ್ಬಿಣದ ಕಪಾಟು, ಕಿಟಕಿಯ ಕೆಳಗೆ ಕೆಲಸದ ಮೇಜು. ಕಂಪ್ಯೂಟರ್ ಅಂಗಡಿಯಲ್ಲಿ ಯಾರೂ ನಿರೀಕ್ಷಿಸದ ಒಂದು ಸಾಮಾನೂ ಇಲ್ಲಿದೆ. ನಟ್ಟನಡುವೆ ಹಾಸಿಗೆ ಹಾಸಿದ ಮಂಚ. ಅದರ ಮೇಲೆ ಅಕ್ಕನ ಅತ್ತೆ ಕುತ್ತಿಗೆವರೆಗೆ ಶಾಲು ಹೊದ್ದು ಮಲಗಿದ್ದಾರೆ. ದಿಂಬಿನ ಪಕ್ಕದ ಸ್ಟೂಲಿನ ಮೇಲೆ ದಪ್ಪ ಪುಸ್ತಕದಷ್ಟೇ ದೊಡ್ಡದೊಂದು ಕಪ್ಪು ಕಂಪ್ಯೂಟರು ಕೂತಿದೆ. ಅದರ ನೀಲಿ ದೀಪ ಕಣ್ಣಿಗೆ ಹೊಡೆಯದಂತೆ ಅಕ್ಕ ಟೇಪು ಅಂಟಿಸಿದ್ದಾರೆ.

ಗುಂಡಿ ಒತ್ತುವ ಮುಂಚೆ ಅತ್ತೆ ಒಂದು ಕಣ್ಣು ತೆರೆಯುತ್ತಾರೆ. "ಇದೂ ವಾಪಸ್ ಬಂದ್ರೆ ನನ್ನ ಮಂಚ ಒಳಗೆ ಹಾಕ್ಬಿಡು. ಅಲ್ಲಿಗೆ ನನ್ನ ಕೆಲಸ ಮುಗೀತು."

"ಬಾಯಿ ಬಿಡಬೇಡಿ, ಮಲಗಿ," ಎನ್ನುತ್ತಾರೆ ಸೊಸೆ. ಇಡೀ ಬೀದಿಯಲ್ಲಿ ಅತ್ತೆಗೆ ಹೀಗೆ ಗದರುವ ಅಧಿಕಾರ ಪಡೆದ ಸೊಸೆ ಇವರೊಬ್ಬರೇ. ಅದೂ ಬೆಳಗಿನ ಈ ಒಂದು ಗಳಿಗೆಗೆ ಮಾತ್ರ, ಎದ್ದ ಮೇಲೆ ಅಧಿಕಾರ ವಾಪಸ್.

ಪರೀಕ್ಷೆಯ ನಿಯಮ ಸರಳ. ಯಂತ್ರ ಓಡುತ್ತಿರಬೇಕು, ಅತ್ತೆಗೆ ನಿದ್ದೆ ಬರಬೇಕು. ಬಂದರೆ ಪಾಸು, ಬರದಿದ್ದರೆ ಫೇಲು. ಸೊಸೆ ಗೋಡೆಗೊರಗಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು.

ಡಬ್ಬಿ ಅಕ್ಕ ಆರಿಸಿ ಕೊಡುವುದು ಮನೆಯ ಸರ್ವರುಗಳನ್ನು. ಹೆಸರು ಕೇಳಿ ಗಾಬರಿ ಬೀಳಬೇಕಿಲ್ಲ. ಮನೆಮಂದಿಯ ಫೋಟೋ, ವಿಡಿಯೋ, ಹಾಡು, ಕಾಗದಪತ್ರಗಳನ್ನೆಲ್ಲ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು, ಯಾವ ಊರಿನಿಂದ ಯಾವ ಹೊತ್ತಿಗೆ ಕೇಳಿದರೂ ತೆಗೆದುಕೊಡುವ ಕಂಪ್ಯೂಟರು, ಅಷ್ಟೆ. ಆದರೆ ಕೇಳಿದಾಗ ಕೊಡಬೇಕೆಂದರೆ ಅದು ಸದಾ ಎದ್ದಿರಬೇಕು. ತಾನು ಎಂದೂ ಮಲಗದ ಈ ಪ್ರಾಣಿ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಬಾರದು. ಹಗಲೂ ರಾತ್ರಿ ಕರೆಂಟು ಕುಡಿಯುವ ಚಪಲವೂ ಅದಕ್ಕಿರಬಾರದು. ಇಂಥ ಗುಣವಂತನನ್ನು ಹುಡುಕುವುದು ವರ ಹುಡುಕಿದಷ್ಟೇ ಕಷ್ಟ ಎನ್ನುವುದು ಅಕ್ಕನ ಅನುಭವ.

ಗಿರಾಕಿಗಳು ಬರುವುದು ದೊಡ್ಡ ಆಸೆ ಹೊತ್ತುಕೊಂಡು. ಎಷ್ಟು ವೇಗ, ಎಷ್ಟು ಮೆಮೊರಿ, ಮುಂದಿನ ಹತ್ತು ವರ್ಷಕ್ಕೆ ಸಾಕಾಗುತ್ತದೆಯೇ ಎಂದು ಕೇಳುತ್ತಾರೆ. ಅಕ್ಕ ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ. "ಎಲ್ಲಿ ಇಡ್ತೀರಿ? ಆ ಕೋಣೇಲಿ ಯಾರು ಮಲಗ್ತಾರೆ?" ಇವೆರಡೇ ಅವರ ಮೊದಲ ಪ್ರಶ್ನೆಗಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಡುವವರಿಗೆ ಒಂದು ಬಗೆ, ಊಟದ ಮೇಜಿನ ಪಕ್ಕ ಇಡುವವರಿಗೆ ಇನ್ನೊಂದು ಬಗೆ. ತಲೆದೆಸೆಯಲ್ಲಿ ಇಡುವವರಿಗೆ ಮಾತ್ರ ಅತ್ತೆಯ ಮಂಚದ ಪರೀಕ್ಷೆ ಕಡ್ಡಾಯ.

ಮೊನ್ನೆ ಒಬ್ಬರು ಮಗನ ಆಟದ ಕಂಪ್ಯೂಟರನ್ನೇ ಹೊತ್ತುಕೊಂಡು ಬಂದಿದ್ದರು. ಗೋದ್ರೆಜ್ ಬೀರುವಿನ ತಮ್ಮನಂತಿದ್ದ ಅದನ್ನೇ ಸರ್ವರ್ ಮಾಡಿಕೊಡಿ ಎಂಬ ಬೇಡಿಕೆ. ಅಕ್ಕ ವಾದಕ್ಕಿಳಿಯಲಿಲ್ಲ. ಪ್ಲಗ್ಗಿನ ನಡುವೆ ಸಿಕ್ಕಿಸುವ ಕರೆಂಟು ಮಾಪಕ ಸಿಕ್ಕಿಸಿ ಸುಮ್ಮನೆ ಕೂತರು. ಯಾವ ಕೆಲಸವೂ ಇಲ್ಲದೆ ಅದು ಎಪ್ಪತ್ತು ವಾಟ್ ತೋರಿಸಿತು. ಆಮೇಲೆ ಕಪಾಟಿನಿಂದ ಒಂದು ಪುಟ್ಟ ಡಬ್ಬಿ ಇಳಿಸಿ ಅದೇ ಮಾಪಕಕ್ಕೆ ಕೊಟ್ಟರೆ ಏಳು. "ದುಡಿಯುವಾಗ ಎಷ್ಟು ತಿನ್ನುತ್ತೆ ಅನ್ನೋದಲ್ಲ ಲೆಕ್ಕ. ಸರ್ವರ್ ದಿನದಲ್ಲಿ ಮುಕ್ಕಾಲು ಪಾಲು ಸುಮ್ನೆ ಕೂತಿರುತ್ತೆ. ಸುಮ್ನೆ ಕೂತಾಗ ಎಷ್ಟು ತಿನ್ನುತ್ತೆ ಅಂತ ನೋಡಬೇಕು. ಮನೆಗೆ ಬಂದ ನೆಂಟರನ್ನ ಅಳೆಯೋದೂ ಹಾಗೇ ಅಲ್ವಾ?" ಎಂದು ಅಕ್ಕ ನಕ್ಕರಂತೆ. ಬೀರುವಿನ ತಮ್ಮ ಬಂದ ದಾರಿ ಹಿಡಿದ.

ಕಚೇರಿಗಳು ಹಳತಾಯಿತೆಂದು ಕೈಬಿಟ್ಟ ಪುಟ್ಟ ಕಂಪ್ಯೂಟರುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಬಂದು ಈ ಕೋಣೆಯಲ್ಲಿ ಇಳಿಯುತ್ತವೆ. ಅಕ್ಕ ಒಂದೊಂದನ್ನೇ ಬಿಚ್ಚುತ್ತಾರೆ. ಲ್ಯಾಪ್‌ಟಾಪಿಗೆಂದು ಮಾಡಿದ, ಕಡಿಮೆ ಕರೆಂಟಿನಲ್ಲಿ ಬದುಕುವ ಪ್ರೊಸೆಸರ್ ಇದ್ದರೆ ಎಡಗಡೆಗೆ, ಇಲ್ಲದಿದ್ದರೆ ಬಲಗಡೆಗೆ. ಎಡಗಡೆಯವುಗಳ ಫ್ಯಾನನ್ನು ಕಿರುಬೆರಳಿನಿಂದ ತಿರುಗಿಸಿ ನೋಡುತ್ತಾರೆ. ಗರಗರ ತಿರುಗುವ ಹಳೆಯ ಡಿಸ್ಕಿದ್ದರೆ ಕಿತ್ತು ತಿರುಗದ, ಸದ್ದಿಲ್ಲದ ಚಿಪ್ ಡಿಸ್ಕು ಹಾಕುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡನೆಯದಕ್ಕೂ ಜಾಗವಿದೆಯೇ ನೋಡುತ್ತಾರೆ. ಹತ್ತರಲ್ಲಿ ಮೂರೋ ನಾಲ್ಕೋ ಮಂಚದವರೆಗೆ ಬಂದರೆ ಪುಣ್ಯ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುವ ಮಾತು ಇವುಗಳಿಗೆ ಹೇಳಿ ಮಾಡಿಸಿದಂತಿದೆ.

ಸದ್ದಿನ ಬಗ್ಗೆ ಅಕ್ಕನಿಗೆ ಇಷ್ಟು ಹಟ ಯಾಕೆ ಎಂದರೆ ಅವರು ಬಲಗಿವಿಯ ಹಿಂದೆ ಬೆರಳಿಟ್ಟು ತೋರಿಸುತ್ತಾರೆ. ಈ ಅಂಗಡಿಗೂ ಮುಂಚೆ ಅವರದು ಒಂದು ದೊಡ್ಡ ಸಂಸ್ಥೆಯ ಸರ್ವರ್ ಕೋಣೆಯಲ್ಲಿ ಉಸ್ತುವಾರಿ ಕೆಲಸ. ಆಳೆತ್ತರದ ಯಂತ್ರಗಳ ಸಾಲು, ಸಾವಿರಾರು ಫ್ಯಾನು, ಎದುರಿಗೆ ನಿಂತವರ ಜೊತೆಯೂ ಕೈಸನ್ನೆಯಲ್ಲೇ ಮಾತು. ಕಿವಿಗೆ ಹಾಕಿಕೊಳ್ಳಲು ಕೊಟ್ಟ ಮುಚ್ಚಳ ಬಿಗಿಯಾಗಿ ಕಿರಿಕಿರಿ ಎಂದು ತೆಗೆದಿಟ್ಟದ್ದೇ ತಪ್ಪಾಯಿತು. ಸಂಸ್ಥೆ ಆ ಕೋಣೆಯನ್ನೇ ಬೇರೆ ಊರಿಗೆ ಸಾಗಿಸಿ ಅಕ್ಕನ ಕೆಲಸ ಮುಗಿಯುವ ಹೊತ್ತಿಗೆ ಬಲಗಿವಿಯೂ ಮುಗಿದಿತ್ತು. "ಈಗಲೂ ಆ ಕಿವೀಲಿ ಫ್ಯಾನು ಓಡ್ತಾನೇ ಇರುತ್ತೆ. ಸ್ವಿಚ್ಚೇ ಇಲ್ಲ ಅದಕ್ಕೆ. ನನ್ನಿಂದ ಇನ್ನೊಬ್ಬರ ಮನೆಗೆ ಆ ಸದ್ದು ಹೋಗಬಾರದು ಅಂತ ಆವತ್ತೇ ತೀರ್ಮಾನ ಮಾಡಿದೆ."

ಅತ್ತೆಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಮೂವತ್ತು ವರ್ಷ ಅವರು ಒಂದು ಶಿಶುವಿಹಾರದಲ್ಲಿ ಆಯಾ. ಮಧ್ಯಾಹ್ನ ಸಾಲಾಗಿ ಮಲಗಿದ ಕೂಸುಗಳ ನಡುವೆ ಕೂತು ಕಾಯುವ ಕೆಲಸ. ಯಾವ ಕೂಸಿನ ಮೂಗು ಕಟ್ಟಿದೆ, ಯಾವುದು ಇನ್ನೇನು ಎದ್ದು ಅಳುತ್ತದೆ ಎಂಬುದು ಅವರಿಗೆ ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಅಂಥವರು ಮಲಗುವ ಕೋಣೆಯಲ್ಲಿ ಸೊಸೆ ತಮ್ಮ ಮೊದಲ ಸರ್ವರ್ ತಂದಿಟ್ಟರು. ಬೆಳಗಾಗುವಷ್ಟರಲ್ಲಿ ತಕರಾರು ಶುರು. "ನಿನ್ನ ಡಬ್ಬಿ ರಾತ್ರಿಯೆಲ್ಲ ಗೊಣಗುತ್ತೆ."

ಅಕ್ಕನಿಗೆ ಮೈ ಉರಿದಿತ್ತು. ಮೊಸರಲ್ಲಿ ಕಲ್ಲು ಹುಡುಕುವ ಅತ್ತೆ ಈಗ ಕಂಪ್ಯೂಟರಿನಲ್ಲೂ ಹುಡುಕುತ್ತಿದ್ದಾರೆ ಎಂದುಕೊಂಡರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ ಆ ಯಂತ್ರದ ಮೇಲೆ ಸಿಟ್ಟು ತೀರಿಸಿಕೊಳ್ಳಲು ಸ್ಕ್ರೂ ಬಿಚ್ಚಿ ನೋಡಿದರೆ, ಫ್ಯಾನಿನ ಬೇರಿಂಗು ಒಣಗಿ ನಿಜವಾಗಿಯೂ ಗೊಣಗುತ್ತಿತ್ತು. ಎಣ್ಣೆ ಬಿಟ್ಟ ಮೇಲೆ ಆ ರಾತ್ರಿ ಅತ್ತೆಗೆ ಗಡದ್ದಾಗಿ ನಿದ್ದೆ. ಮಾರನೆಯ ದಿನವೇ ಮಂಚ ಅಂಗಡಿಯ ನಡುವೆ ಬಂತು, ಅತ್ತೆಗೆ ನೌಕರಿ ಸಿಕ್ಕಿತು. ಅವರ ಭಾಷೆಯೂ ಅಂಗಡಿಯ ಭಾಷೆಯಾಯಿತು. ಫ್ಯಾನು ಕೆಟ್ಟರೆ ಗೊಣಗು. ಡಿಸ್ಕು ಸದ್ದು ಮಾಡಿದರೆ ಹಲ್ಲು ಕಡಿಯುವುದು. ಬಿಸಿಯಾಗಿ ಫ್ಯಾನು ಒಮ್ಮೆಲೇ ಜೋರಾದರೆ ದಿಗಿಲು ಬೀಳುವುದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ಇಲ್ಲಿ ಇಬ್ಬರದೂ ಒಟ್ಟಿಗೇ ಬಂದಿದೆ.

ಫೋನಿನಲ್ಲೇ ಸದ್ದು ಅಳೆಯಬಹುದಲ್ಲ, ಮುದುಕಿಯನ್ನು ಯಾಕೆ ಮಲಗಿಸುತ್ತೀರಿ ಎಂದು ಕೇಳಿದವರೂ ಇದ್ದಾರೆ. ಅಕ್ಕನ ಉತ್ತರ ಸಿದ್ಧವಿದೆ. "ಫೋನಿಗೆ ನಿದ್ದೆ ಬರಲ್ಲವಲ್ಲ. ನಿದ್ದೆ ಬರದೇ ಇರೋದಕ್ಕೆ ನಿದ್ದೆ ಕೆಡೋದು ಹೇಗೆ ಗೊತ್ತಾಗುತ್ತೆ?"

ಈ ಜಂಬಕ್ಕೆ ಪೆಟ್ಟು ಬಿದ್ದದ್ದು ಕಳೆದ ತಿಂಗಳು. ಎರಡು ಬೀದಿ ಆಚೆಗಿರುವ ಒಬ್ಬ ನರ್ಸು ಸರ್ವರ್ ಬೇಕೆಂದು ಬಂದರು. ಅವರದು ಆಸ್ಪತ್ರೆಯಲ್ಲಿ ಕಾಯಂ ರಾತ್ರಿ ಪಾಳಿ, ನಿದ್ದೆಯೆಲ್ಲ ಹಗಲಿಗೆ. ತೀರಿಹೋದ ತಾಯಿಯ ವಿಡಿಯೋಗಳು, ಬೇರೆ ಬೇರೆ ಊರಿನಲ್ಲಿರುವ ಇಬ್ಬರು ತಂಗಿಯರ ಮಕ್ಕಳ ಫೋಟೋಗಳು ಫೋನಿನಲ್ಲಿ ತುಂಬಿ ತುಳುಕುತ್ತಿದ್ದವು. "ಅಮ್ಮನ ಮಾತು ಎಲ್ಲೋ ಯಾರದೋ ಕಂಪ್ಯೂಟರಲ್ಲಿ ಯಾಕಿರಬೇಕು? ನಮ್ಮ ಮನೇಲಿ ಇರ್ಲಿ, ತಂಗೀರು ಬೇಕಾದಾಗ ನೋಡ್ಕೊಳ್ಳಲಿ," ಎಂದರು. ಇರುವುದು ಒಂದೇ ಕೋಣೆ, ಇಂಟರ್ನೆಟ್ಟಿನ ತಂತಿ ಬರುವುದು ಮಂಚದ ತಲೆದೆಸೆಗೆ.

ಅಕ್ಕ ಕಪಾಟಿನಲ್ಲಿದ್ದ ಚಿನ್ನದಂಥ ಯಂತ್ರ ತೆಗೆದರು. ಅದಕ್ಕೆ ಫ್ಯಾನೇ ಇಲ್ಲ. ಮೈಯೆಲ್ಲ ಲೋಹ, ಬಿಸಿಯೆಲ್ಲ ಮೈಯಿಂದಲೇ ಹೊರಗೆ. ಒಳಗೆ ತಿರುಗುವ ವಸ್ತುವೆಂಬುದೇ ಇಲ್ಲ, ಕರೆಂಟು ಐದೇ ವಾಟ್. ಅತ್ತೆಗೆ ತಲೆಯಿಟ್ಟ ಕೂಡಲೇ ನಿದ್ದೆ. ಫ್ಯಾನೇ ಇಲ್ಲವೆಂದ ಮೇಲೆ ಸದ್ದೆಲ್ಲಿಂದ ಬರಬೇಕೆಂದು ಸೊಸೆಯೂ ನೆಮ್ಮದಿಯಾಗಿದ್ದರು. ನಾಲ್ಕನೆಯ ದಿನ ನರ್ಸು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಪಸ್ ತಂದರು. ಕಣ್ಣು ಕೆಂಡದಂತಿತ್ತು.

"ಇದು ಸೀಟಿ ಹೊಡೆಯುತ್ತೆ ಅಕ್ಕಾ. ಸಣ್ಣ ಸೀಟಿ. ವಾರ್ಡಲ್ಲಿ ಅಲಾರಾಂ ಹೊಡೆಯೋ ಥರ. ಆ ಸದ್ದು ಕೇಳಿದ್ರೆ ನನ್ನ ಕಾಲು ತಾನಾಗೇ ನೆಲಕ್ಕೆ ಬಂದುಬಿಡುತ್ತೆ. ಮಲಗಿ ನಾಲ್ಕು ದಿನ ಆಯ್ತು. ನಿನ್ನೆ ರಾತ್ರಿ ಒಂದು ಇಂಜೆಕ್ಷನ್ ಕೊಡೋ ಮುಂಚೆ ಚೀಟಿ ಮೂರು ಸಲ ಓದಿದೆ. ನಂಗೇ ಹೆದರಿಕೆ ಆಯ್ತು."

ಆಕೆ ಹೋದ ಮೇಲೆ ಅಕ್ಕ ಎಡಗಿವಿಯನ್ನು ಯಂತ್ರಕ್ಕೆ ಒತ್ತಿ ಹಿಡಿದರು. ಕೂದಲಿನಷ್ಟು ತೆಳುವಾದ ಸೀಟಿ ನಿಜವಾಗಿಯೂ ಇತ್ತು. ಕರೆಂಟನ್ನು ಹದ ಮಾಡುವ ಸಣ್ಣ ತಂತಿಸುರುಳಿಯೊಂದು ಒಳಗೆ ನಡುಗುತ್ತಿತ್ತು. ಕೆಲಸ ಕೊಟ್ಟರೆ ಸುಮ್ಮನಾಗುತ್ತದೆ, ಸುಮ್ಮನಿದ್ದರೆ ಸೀಟಿ ಹೊಡೆಯುತ್ತದೆ. ಪೋಲಿ ಹುಡುಗರ ಸ್ವಭಾವ. ಒಂದು ನೆಪ ಹೇಳಿ ಅತ್ತೆಯ ಕಿವಿಯ ಬಳಿ ಹಿಡಿದು ನೋಡಿದರು. ಅತ್ತೆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಗ ಅಕ್ಕನಿಗೆ ವಿಷಯ ಹೊಳೆಯಿತು. ವಯಸ್ಸು ಅತ್ತೆಯ ಕಿವಿಯಿಂದ ಕೀಚಲು ಸದ್ದುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿತ್ತು, ಇಬ್ಬರಿಗೂ ಗೊತ್ತಾಗಿರಲಿಲ್ಲ.

ಅತ್ತೆಯ ಮನಸ್ಸು ನೋಯಬಾರದೆಂದು, ನರ್ಸಿಗೆ ಇನ್ನೂ ದೊಡ್ಡದು ಬೇಕಂತೆ ಎಂದು ಸುಳ್ಳು ಹೇಳಿ ಯಂತ್ರವನ್ನು ಕಪಾಟಿನ ಹಿಂದೆ ಬಚ್ಚಿಟ್ಟರು. ಸುಳ್ಳಿಗೆ ಆಯಸ್ಸು ಬಹಳ ಇರಲಿಲ್ಲ. ಸೊಸೆ ಹೊರಗೆ ಹೋಗಿದ್ದಾಗ ನರ್ಸು ಫೋನು ಮಾಡಿ, ಎತ್ತಿದ ಅತ್ತೆಯನ್ನೇ ಕೇಳಿದರು. "ಸೀಟಿ ಹೊಡೆಯದೇ ಇರೋದು ಸಿಕ್ತಾ? ಆ ನಾಲ್ಕು ದಿನ ನಿದ್ದೆ ಇಲ್ಲದೆ ಇಂಜೆಕ್ಷನ್ ಹಿಡಿಯೋಕೂ ಹೆದರಿದ್ದೆ."

ಅತ್ತೆ ಕೂಗಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. ಅವರು ಕೂಗಾಡಲಿಲ್ಲ. ಎರಡು ದಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಬಂದು, ಉಂಡು, ಮತ್ತೆ ಗೋಡೆಗೆ ತಿರುಗುತ್ತಿದ್ದರು. ಮೂರನೆಯ ಬೆಳಗ್ಗೆ ತಾವೇ ಸೊಸೆಯನ್ನು ಎಬ್ಬಿಸಿದರು. "ಆ ಸೀಟಿ ಡಬ್ಬಿ ತೆಗಿ. ನಿನ್ನ ಫೋನೂ ತಗೊಂಬಾ."

ಯಂತ್ರ ಶುರುವಾಯಿತು. ಸದ್ದನ್ನು ಗೆರೆಯಾಗಿ ತೋರಿಸುವ ಫೋನಿನ ಪರದೆಯಲ್ಲಿ, ತೀರಾ ಕೀಚಲು ಸದ್ದು ಬೀಳುವ ಬಲತುದಿಗೆ ಸೂಜಿಯಂಥ ಒಂದು ಗೆರೆ ಎದ್ದು ನಿಂತಿತು. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ತುಂಬಾ ಹೊತ್ತು ನೋಡಿದರು. "ಇಷ್ಟೆತ್ತರ ಇದೆ. ನಂಗೆ ಏನೂ ಕೇಳಿಸ್ತಿಲ್ಲ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಕಿವೀಲಿ ಮೇಲಿನ ಮೆಟ್ಟಿಲು ಮುರಿದುಹೋಗಿದೆ ಕಣೆ. ಕೆಳಗಿನವು ಗಟ್ಟಿ ಇವೆ. ಅದನ್ನ ಮುಚ್ಚಿಡೋಕೆ ನೀನ್ಯಾರು? ಒಂದು ಕೂಸು ನಿದ್ದೆ ಇಲ್ಲದೆ ಇಂಜೆಕ್ಷನ್ ಹಿಡ್ಕೊಂಡು ಓಡಾಡ್ತಿದ್ರೆ, ನನ್ನ ಮರ್ಯಾದೆ ಕಟ್ಕೊಂಡು ಏನು ಮಾಡ್ಲಿ?"

ಅಕ್ಕ ಅತ್ತರು. ಈಗ ಅದನ್ನು ಹೇಳುವಾಗಲೂ ಅವರ ದನಿ ಸ್ವಲ್ಪ ಒದ್ದೆಯಾಗುತ್ತದೆ. ಅತ್ತೆ ಮಾತ್ರ ಅಳುವುದಕ್ಕೆ ಸಮಯ ಕೊಡದೆ ಹೊಸ ಕಾನೂನು ಮಾಡಿಬಿಟ್ಟರು. ಮೊದಲು ಫೋನಿನ ಗೆರೆ. ಆಮೇಲೆ ಸೊಸೆಯ ಎಡಗಿವಿ. ಎರಡೂ ದಾಟಿದ್ದು ಮಾತ್ರ ಮಂಚಕ್ಕೆ ಬರಬೇಕು. ಹಾಗೆ ಬಂದದ್ದೂ ನರ್ಸಿನ ನಿದ್ದೆ ಕೆಡಿಸಿದರೆ, ತಾನು ಈ ಕೆಲಸಕ್ಕೆ ನಾಲಾಯಕ್ಕು ಎಂದು ಒಪ್ಪಿಕೊಂಡು ಮಂಚ ಒಳಗೆ.

ಇವತ್ತು ಬೆಳಗಿನ ಸ್ಟೂಲಿನ ಮೇಲೆ ಕೂತಿರುವುದು ಹಾಗೆ ಎರಡು ಗಡಿ ದಾಟಿ ಬಂದ ಯಂತ್ರ. ಇದಕ್ಕೆ ಫ್ಯಾನಿದೆ, ಆದರೆ ನಿಧಾನಕ್ಕೆ, ತೀರಾ ನಿಧಾನಕ್ಕೆ ತಿರುಗುವಂತೆ ಅಕ್ಕ ಹೇಳಿಕೊಟ್ಟಿದ್ದಾರೆ. ಕರೆಂಟು ಆರು ವಾಟ್. ಫ್ಯಾನಿಲ್ಲದ್ದಕ್ಕಿಂತ ಫ್ಯಾನಿರುವುದೇ ಸುಮ್ಮನಿರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಅವರಿಗೂ ಒಂದು ವಾರ ಹಿಡಿಯಿತು. ಕಿಟಕಿಯಲ್ಲಿ ಬೆಳಕು ಬೆಳ್ಳಗಾಗುತ್ತಿದೆ. ಅತ್ತೆ ಕಣ್ಣು ಮುಚ್ಚಿಯೇ ಗೊಣಗುತ್ತಾರೆ, "ಉಸಿರಾಡ್ತಿದೆ. ಹಾಲು ಕುಡಿದು ಮಲಗಿರೋ ಮಗು ಥರ." ಸ್ವಲ್ಪ ಹೊತ್ತಿಗೆ ಅವರ ಬಾಯಿ ಅರ್ಧ ತೆರೆದುಕೊಳ್ಳುತ್ತದೆ. ಶಾಲಿನ ಕೆಳಗಿನ ಕೈ ಸಡಿಲವಾಗಿ ಮಂಚದಿಂದ ಇಳಿಬೀಳುತ್ತದೆ. ಹಾಲಿನ ವ್ಯಾನು ಬಂದು ಬ್ರೇಕು ಹಾಕಿ ಎಬ್ಬಿಸುವವರೆಗೂ ಅವರು ಈ ಲೋಕದಲ್ಲಿಲ್ಲ.

ನರ್ಸು ಪಾಳಿ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಅತ್ತೆ ಸೊಸೆ ಇಬ್ಬರೂ ಆಕೆಯ ಮನೆ ಮುಂದೆ ಹಾಜರು. ಸಾಮಾನ್ಯವಾಗಿ ಅತ್ತೆ ಮನೆ ಬಿಟ್ಟು ಹೊರಡುವವರಲ್ಲ. ಇವತ್ತು ಯಂತ್ರದ ಚೀಲವನ್ನೂ ಸೊಸೆಗೆ ಕೊಡದೆ ತಾವೇ ಹಿಡಿದಿದ್ದಾರೆ. ಎರಡನೆಯ ಮಹಡಿ, ಕಡಿದಾದ ಮೆಟ್ಟಿಲು. ನರ್ಸು ಬಾಗಿಲು ತಳ್ಳಿದರೆ ಅದು ಕಿರ್‍ರೆಂದು ಉದ್ದಕ್ಕೆ ಕಿರುಚುತ್ತದೆ. ಒಳಗೆ ಒಂದು ಮಂಚ, ಒಂದು ಒಲೆ, ಎರಡು ಕುರ್ಚಿ. ಹಗಲನ್ನು ಹೊರಗಿಡಲು ಕಿಟಕಿಗೆ ಕಂಬಳಿ ಕಟ್ಟಿದೆ. ಅಕ್ಕ ತಲೆದೆಸೆಯ ಹಲಗೆಯ ಮೇಲೆ ಯಂತ್ರವಿಟ್ಟು ಕೆಳಗೆ ರಬ್ಬರಿನ ಬಿಲ್ಲೆಗಳನ್ನು ಕೊಡುತ್ತಾರೆ, ತಂತಿ ಸಿಕ್ಕಿಸುತ್ತಾರೆ. ನರ್ಸು ಷೂ ಕೂಡ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತಿದ್ದಾರೆ.

"ಫೋನಲ್ಲಿ ನೋಡಮ್ಮ, ನಿಮ್ಮಮ್ಮನ ವಿಡಿಯೋ ಬರುತ್ತಾ?" ಅಕ್ಕ ಕೇಳುತ್ತಾರೆ. ಬರುತ್ತದೆ. ಅದರಲ್ಲಿ ಒಬ್ಬ ಹೆಂಗಸು ಯಾರಿಗೋ ಬಟ್ಟೆ ಮಡಿಸುವುದು ಹೇಗೆಂದು ಬೈಯುತ್ತಾ ಕಲಿಸುತ್ತಿದ್ದಾರೆ. ನರ್ಸು ನಗುತ್ತಾರೆ. ಸುಮ್ಮನೆ ಒಂದು ಸಲ ತಲೆಯಿಟ್ಟು ನೋಡುತ್ತೇನೆ, ಸೀಟಿ ಕೇಳಿಸುತ್ತದೋ ಇಲ್ಲವೋ ಈಗಲೇ ಹೇಳಿಬಿಡುತ್ತೇನೆ ಎಂದು ಕಾಲು ನೆಲದಲ್ಲಿಟ್ಟುಕೊಂಡೇ ಅಡ್ಡಲಾಗುತ್ತಾರೆ. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಆಕೆಯ ಮುಖವನ್ನೇ ನೋಡುತ್ತಿದ್ದಾರೆ. ಬಾಯಿ ಬಿಗಿದಿದೆ. "ಇಲ್ಲ..." ಎನ್ನುತ್ತಾರೆ ನರ್ಸು. "ಇಲ್ಲ ಅಕ್ಕಾ, ನಂಗೇನೂ..."

ಮಾತು ಅಲ್ಲಿಗೇ ನಿಲ್ಲುತ್ತದೆ. ಅಕ್ಕ ಕಾಯುತ್ತಾರೆ. ಮುಂದಿನ ಮಾತು ಬರುವುದಿಲ್ಲ. ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿ ಉಸಿರು ಕೇಳುತ್ತಾರೆ, ಮೂವತ್ತು ವರ್ಷ ಕೇಳಿದ ಹಾಗೆಯೇ. ಮುಖದ ಬಿಗಿ ಸಡಿಲವಾಗುತ್ತದೆ. ಅವರು ನಿಧಾನವಾಗಿ ನರ್ಸಿನ ಷೂ ಲೇಸು ಬಿಚ್ಚಿ, ಕಾಲನ್ನು ಎತ್ತಿ ಮಂಚದ ಮೇಲಿಟ್ಟು, ಹೊದಿಕೆ ಎಳೆಯುತ್ತಾರೆ. ನರ್ಸಿಗೆ ಅದಾವುದೂ ತಿಳಿಯುವುದಿಲ್ಲ.

ಸೊಸೆ ಚೀಲ ಎತ್ತಿಕೊಂಡು ಹೊರಡೋಣ ಎಂದು ಸನ್ನೆ ಮಾಡುತ್ತಾರೆ. ಅತ್ತೆ ಬಾಗಿಲ ಕಡೆ ಬೆರಳು ತೋರಿಸಿ, ಬೇಡವೆಂದು ಬಲವಾಗಿ ತಲೆಯಾಡಿಸುತ್ತಾರೆ. ಆ ಬಾಗಿಲು ತೆರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಅಕ್ಕ ಚೀಲ ಕೆಳಗಿಡುತ್ತಾರೆ. ಇಬ್ಬರೂ ಕುರ್ಚಿಯಲ್ಲಿ ಕೂರುತ್ತಾರೆ. ಅಂಗಡಿ ತೆರೆಯುವ ಹೊತ್ತಾಗುತ್ತದೆ, ದಾಟುತ್ತದೆ. ಮೇಲಿನ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸುತ್ತಾರೆ, ನರ್ಸು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ಅಕ್ಕನ ಬಲಗಿವಿಯ ಫ್ಯಾನು ಅದರ ಪಾಡಿಗೆ ಅದು ಓಡುತ್ತಿದೆ. ಎಡಗಿವಿಗೆ ಮಾತ್ರ ಏನೂ ಇಲ್ಲ, ಹಾಯಾಗಿದೆ. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ತಲೆಯೂ ಎದೆಗೆ ವಾಲಿದೆ.

ಕಂಬಳಿಯ ಅಂಚಿನ ಬಿಸಿಲು ಗೋಡೆಯಿಂದ ಒಲೆಯವರೆಗೆ ಸರಿದ ಮೇಲೆ ನರ್ಸಿಗೆ ಎಚ್ಚರವಾಗುತ್ತದೆ. ತಮ್ಮ ಕೋಣೆಯಲ್ಲಿ ಇಬ್ಬರು ಹೆಂಗಸರು ಕೂತಿರುವುದನ್ನು ಕಂಡು ಧಡಕ್ಕನೆ ಎದ್ದು ಕೂರುತ್ತಾರೆ. "ಅಯ್ಯೋ, ನೀವಿನ್ನೂ ಇಲ್ಲೇ ಇದ್ದೀರಾ?"

ಅತ್ತೆ ಬೆಚ್ಚಿ ಕಣ್ಣು ಬಿಟ್ಟು, ತಾವು ನಿದ್ದೆಯನ್ನೇ ಮಾಡಿಲ್ಲವೆಂಬಂತೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಮೊದಲು ಆ ಬಾಗಿಲಿಗೆ ಎಣ್ಣೆ ಬಿಡು ಮಗಳೇ," ಎನ್ನುತ್ತಾರೆ. "ನಿನ್ನ ನಿದ್ದೆ ಇನ್ನೊಂದು ಸಲ ಕೆಟ್ಟರೆ ಅದು ನಮ್ಮ ಡಬ್ಬಿ ತಪ್ಪಲ್ಲ."